ಕಾರವಾರದ ಮಧ್ಯಾಹ್ನದ ಅಲೆಗೆ ಸೆಕೆಂಡ್ ಹ್ಯಾಂಡ್ ವಿಂಡ್‌ಸರ್ಫ್ ಬೋರ್ಡ್: ಈ ಮೂರರಲ್ಲಿ ಯಾವುದು ತಗೊಳ್ಳಲಿ?

ಗಂಗಾವತಿ_ಗಾಳಿ

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯವಳು, ಕೊಪ್ಪಳದಲ್ಲಿ ಬ್ಯಾಂಕ್ ಕೆಲಸ. ನಮ್ಮ ಯಜಮಾನರ ಊರು ಕಾರವಾರ. ಹಬ್ಬ, ಮದುವೆ, ರಜೆ ಅಂತ ಅಲ್ಲಿಗೆ ಹೋಗಿ ಬರೋದು ಇದ್ದೇ ಇರುತ್ತದೆ. ಗೋವಾದಲ್ಲಿ ಕೋರ್ಸ್ ಮಾಡಿ, ಹಾಯಿ ಕಟ್ಟಿದ ಹಲಗೆ ಮೇಲೆ ನಿಂತು ಗಾಳಿಗೆ ಓಡುವ ವಿಂಡ್‌ಸರ್ಫಿಂಗ್ ಕಲಿತೆ. ಹಾರ್ನೆಸ್ (ಸೇಲಿನ ಎಳೆತವನ್ನು ಮೈಗೆ ಕೊಡುವ ಸೊಂಟಪಟ್ಟಿ) ಹಾಕಿಕೊಂಡು ನೆಮ್ಮದಿಯಾಗಿ ಹೋಗಬಲ್ಲೆ. ಬೋರ್ಡಿನ ಮೇಲಿನ ಕಾಲು ಪಟ್ಟಿಗೆ ಮುಂದಿನ ಕಾಲು ಸಲೀಸಾಗಿ ಹೋಗುತ್ತದೆ, ಹಿಂದಿನ ಕಾಲು ಇನ್ನೂ ಹುಡುಕಾಡುತ್ತದೆ. ವಾಟರ್‌ಸ್ಟಾರ್ಟ್ (ನೀರಿನಲ್ಲಿದ್ದುಕೊಂಡೇ ಸೇಲಿನ ಎಳೆತಕ್ಕೆ ಬೋರ್ಡ್ ಹತ್ತೋದು) ಗಾಳಿ ಚೆನ್ನಾಗಿದ್ದರೆ ಆಗುತ್ತದೆ, ಇಲ್ಲದಿದ್ದರೆ ಹಗ್ಗ ಹಿಡಿದು ಸೇಲ್ ಎತ್ತುತ್ತೇನೆ. ನನ್ನ ತೂಕ 58 ಕೆಜಿ.

ನನ್ನ ಹತ್ತಿರ 5.3 ಚದರ ಮೀಟರಿನ ಸೇಲ್ (ಹಾಯಿ), ಅದಕ್ಕೆ ಹೊಂದುವ ಮಾಸ್ಟ್ (ಹಾಯಿಕಂಬ), ಬೂಮ್ (ಕೈ ಹಿಡಿಯುವ ಅಡ್ಡಪಟ್ಟಿ) ಎಲ್ಲಾ ಇದೆ. ಬೋರ್ಡ್ ಮಾತ್ರ ಇಲ್ಲ. ಇಷ್ಟು ದಿನ ಬಾಡಿಗೆಗೆ ಸಿಗುವ ಕಲಿಯುವವರ ಬೋರ್ಡಿನಲ್ಲೇ ಓಡಾಡಿದ್ದು. ಬೆಳಿಗ್ಗೆ ಅದು ಚೆನ್ನಾಗಿಯೇ ಇರುತ್ತದೆ. ಮಧ್ಯಾಹ್ನ ಊಟ ಆದಮೇಲೆ ವಾಯುವ್ಯದ ಗಾಳಿ ಏಳುತ್ತದೆ ನೋಡಿ, ಆಗ ಕಥೆಯೇ ಬೇರೆ. ದೊಡ್ಡ ಅಲೆ ಅಲ್ಲ. ಮೊಣಕಾಲು ಎತ್ತರದ, ಒಂದರ ಹಿಂದೆ ಒಂದು ಒತ್ತಿಕೊಂಡು ಬರುವ ಅಲೆಗಳು. ಬೋರ್ಡಿನ ಮೂಗು ಒಂದನ್ನು ಹತ್ತಿ ಇಳಿಯುವಷ್ಟರಲ್ಲಿ ಮುಂದಿನದು ಅಡಿಗೆ ಬಂದು ರೊಟ್ಟಿ ಬಡಿದ ಹಾಗೆ ಬಡಿಯುತ್ತದೆ. ಪ್ರತಿ ಹೊಡೆತ ಹಿಮ್ಮಡಿಯಿಂದ ಸೊಂಟಕ್ಕೆ ಬರುತ್ತದೆ. ವೇಗ ಬಂತು ಅನ್ನುವಾಗಲೇ ಬೋರ್ಡ್ ಗಾಳಿಗೆ ಎದ್ದು ಪಕ್ಕಕ್ಕೆ ವಾಲುತ್ತದೆ. ಆದರೂ ನನಗೆ ಬೇಕಾಗಿರೋದು ಆ ಮಧ್ಯಾಹ್ನವೇ. ಅಷ್ಟು ಗಾಳಿ ಬಿಟ್ಟು ದಡದಲ್ಲಿ ಕೂರೋಕೆ ಮನಸ್ಸಾಗಲ್ಲ.

ಈಗ ಮೂರು ಬೋರ್ಡ್ ಸಿಗುತ್ತಿವೆ. ಕೈಯಲ್ಲಿ 60 ಸಾವಿರ ಇದೆ, ಅದರ ಮೇಲೆ ಹೋಗಲಾರೆ.

ಮೊದಲನೆಯದು ಟೆಕ್ನೋ 293, ಒಂದು ಕ್ಲಬ್ಬಿನವರು ಹಳೆಯದನ್ನು ಕೊಡುತ್ತಿದ್ದಾರೆ, 35 ಸಾವಿರ. ಎರಡನೆಯದು ಕಾರ್ಬನ್ ಸ್ಲಾಲಮ್ (ವೇಗದ ರೇಸಿನ) ಬೋರ್ಡ್, 111 ಲೀಟರ್, 71 ಸೆಂ.ಮೀ. ಅಗಲ, 58 ಸಾವಿರ. ನೋಡೋಕೆ ಹೊಸದರಂತಿದೆ. ಮೂರನೆಯದು ಫ್ರೀವೇವ್ (ಅಲೆಗೂ ಸಾಮಾನ್ಯ ಓಟಕ್ಕೂ ಆಗುವಂಥದ್ದು), 94 ಲೀಟರ್, 61 ಸೆಂ.ಮೀ. ಅಗಲ, 42 ಸಾವಿರ. ಇದರ ಮೂಗು ಒಮ್ಮೆ ಒಡೆದು ರಿಪೇರಿ ಆಗಿದೆ, ಅಲ್ಲಿ ಬಣ್ಣ ಬೇರೆ ಇದೆ. ಎರಡು ಕಾಲು ಪಟ್ಟಿ ಇಲ್ಲ.

ಮಾತಾಡಿಸಿದವರೆಲ್ಲ "ದೊಡ್ಡದು ತಗೊಳ್ಳಿ, ಹೆಣ್ಣುಮಕ್ಕಳಿಗೆ ಅದೇ ಸೇಫ್" ಅನ್ನುತ್ತಾರೆ. ನನ್ನ ಕಾಲು ಬೇರೆ ಹೇಳುತ್ತಿದೆ. ಗೊತ್ತಿರುವವರು ದಯವಿಟ್ಟು ಹೇಳಿ. ಕೊಳ್ಳುವ ಮುಂಚೆ ಏನೇನು ನೋಡಬೇಕು ಅಂತಲೂ ತಿಳಿಸಿ.

---

ಮುನಿರಾಬಾದ್_ಮಂದಿ

ಮೇಡಂ, ನನ್ನ ಮತ ಟೆಕ್ನೋಗೆ. ಗಟ್ಟಿ ಮಾಲು. ನಡುವೆ ನೀರಿಗೆ ಇಳಿಸುವ ಹಲಗೆ, ಅಂದರೆ ಡ್ಯಾಗರ್‌ಬೋರ್ಡ್ ಇರೋದರಿಂದ ಗಾಳಿ ಬಿದ್ದುಹೋದರೂ ದಡಕ್ಕೆ ವಾಪಸ್ ಬರಬಹುದು. ಸಮುದ್ರದಲ್ಲಿ ಅದಕ್ಕಿಂತ ದೊಡ್ಡ ಧೈರ್ಯ ಇಲ್ಲ. 205 ಲೀಟರ್ ಅಂದರೆ ಮೇಲೆ ನಿಂತು ಕಾಫಿ ಕುಡಿಯಬಹುದು.

ಇನ್ನೊಂದು ಮಾತು. ಅಲೆ ಅಭ್ಯಾಸಕ್ಕೆ ಕಾರವಾರದ ತನಕ ಯಾಕೆ? ನಮ್ಮ ತುಂಗಭದ್ರಾ ಹಿನ್ನೀರಿನಲ್ಲಿ ಆಷಾಢದ ಗಾಳಿಗೆ ಏಳುವ ಅಲೆ ನೋಡಿದ್ದೀರಾ? ಕುಕನೂರು, ಯಲಬುರ್ಗಾ ಕಡೆ ಅಷ್ಟೊಂದು ಗಾಳಿ ಫ್ಯಾನು ಸುಮ್ನೆ ನಿಲ್ಲಿಸಿಲ್ಲ. ಗಾಳಿ ನಮ್ಮ ಕಡೆಯೇ ಜಾಸ್ತಿ.

---

ಬಳ್ಳಾರಿ_ವಾಸ್ಕೊ

ಮೇಡಂ, ನಾನು ಬಳ್ಳಾರಿ ಕೋಟೆ ಏರಿಯಾದವನು. ಬಂದರಿನ ಕೆಲಸಕ್ಕೆ ವಾಸ್ಕೊಗೆ ಬಂದು ಇಲ್ಲೇ ನೆಲೆಸಿದೆ. ಜುವಾರಿ ನದಿ ಸಮುದ್ರ ಸೇರುವ ಜಾಗದಲ್ಲಿ, ದೋನಾ ಪೌಲಾ ಎದುರಿನ ನೀರಿನಲ್ಲಿ ನನ್ನ ವಿಂಡ್‌ಸರ್ಫಿಂಗ್. ನೀವು ಹೇಳಿದ ಆ ಬಡಿಯುವ ಅಲೆ ನನಗೆ ಚೆನ್ನಾಗಿ ಗೊತ್ತು.

ನೇರ ಉತ್ತರ: 94 ಲೀಟರಿನದು. ಆದರೆ ಆ ಮೂಗಿನ ರಿಪೇರಿ ಪರೀಕ್ಷೆ ಮಾಡದೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ.

ಮೊದಲು ಲೀಟರಿನ ಲೆಕ್ಕ ಮುಗಿಸೋಣ. ನೀವು 58. ಒದ್ದೆ ಹಾರ್ನೆಸ್, ಲೈಫ್ ಜಾಕೆಟ್ ಸೇರಿ 3–4 ಕೆಜಿ. ಸೇಲ್, ಮಾಸ್ಟ್, ಬೂಮ್ ಒಟ್ಟು 9 ಅಂತ ಇಟ್ಟುಕೊಳ್ಳಿ. ಫಿನ್ (ತಳದ ಹಿಂಭಾಗದ ರೆಕ್ಕೆ), ಕಾಲು ಪಟ್ಟಿ ಹಾಕಿದ ಬೋರ್ಡ್ 8. ಒಟ್ಟು ಸುಮಾರು 78–79 ಕೆಜಿ. ಉಪ್ಪು ನೀರು ಸಿಹಿನೀರಿಗಿಂತ ಸುಮಾರು ಎರಡೂವರೆ ಪರ್ಸೆಂಟ್ ಭಾರ, ಹಾಗಾಗಿ ಸಮುದ್ರದಲ್ಲಿ 94 ಲೀಟರಿನ ಬೋರ್ಡ್ 96 ಕೆಜಿ ಹೊರುತ್ತದೆ. 17–18 ಕೆಜಿ ಮಿಗುತ್ತದೆ. ಅಂದರೆ ಗಾಳಿ ಬಿದ್ದಾಗ ಹಗ್ಗ ಹಿಡಿದು ಸೇಲ್ ಎತ್ತಬಹುದು. ಅಲುಗಾಡುತ್ತದೆ, ಪಾದ ಒದ್ದೆಯಾಗುತ್ತದೆ, ಆದರೆ ಮುಳುಗುವುದಿಲ್ಲ. ನಿಮ್ಮ ಮಟ್ಟಕ್ಕೆ ಇದು ಕೆಳಗಿನ ಗಡಿ ಅನ್ನಿ. ನೀವು 75 ಕೆಜಿ ಇದ್ದಿದ್ದರೆ ಈ ಬೋರ್ಡ್ ಬೇಡ ಅನ್ನುತ್ತಿದ್ದೆ. "ದೊಡ್ಡದು ತಗೊಳ್ಳಿ" ಅನ್ನುವವರು ನಿಮ್ಮ ತೂಕ ಕೇಳಿದ್ದರಾ? ಲೀಟರು ಸವಾರರ ತೂಕದ ಜೊತೆ ಸೇರಿದಾಗಲೇ ಅದಕ್ಕೆ ಅರ್ಥ. ಗಂಡಸಿಗೆ 115 ಲೀಟರು ಹೇಗೋ ನಿಮಗೆ 94 ಹಾಗೆ.

ಈಗ ಮುಖ್ಯ ವಿಷಯ. ಕುಲುಕುವ ನೀರಿನಲ್ಲಿ ಕಾಡುವುದು ತೇಲದೇ ಇರೋದಲ್ಲ, ಜಾಸ್ತಿ ತೇಲೋದು. ಅಗಲವಾದ, ತಳ ಸಮತಟ್ಟಾದ ಬೋರ್ಡ್ ಪ್ರತಿ ಅಲೆಯ ತಲೆಗೂ ಪೂರ್ತಿ ಬಡಿದುಕೊಳ್ಳುತ್ತದೆ. ನಿಮ್ಮ 58 ಕೆಜಿಗೆ ಅದನ್ನು ಒತ್ತಿ ಹಿಡಿಯುವ ಶಕ್ತಿ ಇಲ್ಲ. ಹಾಗಾಗಿ ಅಗಲ ಕಡಿಮೆ ಇರಬೇಕು. ಅಂಚು ದುಂಡಗಿರಬೇಕು. ತಳದಲ್ಲಿ, ಅದರಲ್ಲೂ ಮೂಗಿನಿಂದ ಮಾಸ್ಟ್ ಜಾಗದ ತನಕ, ನಡುವೆ ಉಬ್ಬಿ ಎರಡೂ ಕಡೆ ಇಳಿಜಾರಾಗಿರಬೇಕು. ಇದಕ್ಕೆ ವೀ ಅನ್ನುತ್ತಾರೆ. ಅಲೆಯನ್ನು ಬಡಿಯದೆ ಸೀಳುವುದು ಇದೇ.

ಇದನ್ನು ನೋಡೋಕೆ ಪರಿಣತಿ ಬೇಡ. ಒಂದು ಮೀಟರಿನ ಸ್ಟೀಲ್ ಸ್ಕೇಲ್ ತಗೊಂಡು ಹೋಗಿ. ಬೋರ್ಡ್ ಬೋರಲು ಹಾಕಿ. ಮಾಸ್ಟ್ ಜಾಗದಿಂದ ಒಂದು ಗೇಣು ಮುಂದೆ ಸ್ಕೇಲನ್ನು ಅಡ್ಡ ಇಡಿ. ನಡುವೆ ತಾಗಿ ಎರಡೂ ಅಂಚಿನಲ್ಲಿ ಬೆರಳು ತೂರುವಷ್ಟು ಸಂದು ಕಂಡರೆ ವೀ ಇದೆ. ಸ್ಕೇಲ್ ಚಪ್ಪಟೆ ಕೂತರೆ ಇಲ್ಲ. ಆಮೇಲೆ ಅದೇ ಸ್ಕೇಲನ್ನು ಹಿಂಭಾಗದಲ್ಲಿ ಉದ್ದಕ್ಕೆ ಇಡಿ. ಎಷ್ಟು ಉದ್ದ ಸಪಾಟಾಗಿ ತಾಗುತ್ತದೋ ಅಷ್ಟು ವೇಗದ ಬೋರ್ಡ್, ಅಷ್ಟೇ ಒರಟು. ಬೇಗ ಸಂದು ಬಿಟ್ಟು ಮೇಲೆದ್ದರೆ ಮೆತ್ತಗೆ ಓಡುವ ಬೋರ್ಡ್. ಬಾಲದ ತುದಿಯಿಂದ 30 ಸೆಂ.ಮೀ. ಮೇಲೆ ಅಗಲ ಅಳೆಯಿರಿ. ಸ್ಲಾಲಮ್ ಮತ್ತು ಫ್ರೀವೇವ್ ಎರಡಕ್ಕೂ ಅಳೆದು ನೋಡಿ. ನಿಮ್ಮ ಹಿಂದಿನ ಕಾಲು ಯಾಕೆ ಹುಡುಕಾಡುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಸ್ಲಾಲಮಿನಲ್ಲಿ ಪಟ್ಟಿಗಳು ಹೊರ ಅಂಚಿನಲ್ಲಿರುತ್ತವೆ. ಪೂರ್ತಿ ವೇಗ ಬಂದಮೇಲೆ ಮಾತ್ರ ಅಲ್ಲಿ ಕಾಲಿಡೋಕೆ ಆಗೋದು. ಫ್ರೀವೇವಿನಲ್ಲಿ ಒಳಗಡೆ ಇರುತ್ತವೆ, ಮಧ್ಯದ ಗೆರೆಗೆ ಹತ್ತಿರ.

ಹಾಗಾಗಿ ಆ ಕಾರ್ಬನ್ ಸ್ಲಾಲಮ್ ಬೇಡ. ಕೆಟ್ಟ ಬೋರ್ಡ್ ಅಂತಲ್ಲ. ಅದು ದೊಡ್ಡ ಸೇಲ್, ಉದ್ದ ಫಿನ್, ಭಾರದ ಸವಾರ ಇದ್ದರೆ ಬಾಣದಂತೆ ಹೋಗುವ ಮಾಲು. 5.3 ಸೇಲಿಗೆ ಸರಿಯಾದ ಜೋಡಿಯೇ ಅಲ್ಲ. ಕಾರ್ಬನ್ ಗಟ್ಟಿಯಾಗಿರೋದರಿಂದ ಅಲೆಯ ಹೊಡೆತವನ್ನು ಒಂದಿಷ್ಟೂ ನುಂಗುವುದಿಲ್ಲ, ಎಲ್ಲಾ ನಿಮ್ಮ ಮೊಣಕಾಲಿಗೇ ಕೊಡುತ್ತದೆ. ಹೊಳೆಯುತ್ತಿದೆ ಅಂತ 58 ಸಾವಿರ ಕೊಡಬೇಡಿ.

ಟೆಕ್ನೋ ಬಗ್ಗೆ ಮುನಿರಾಬಾದ್ ಅಣ್ಣ ಹೇಳಿದ್ದರಲ್ಲಿ ಅರ್ಧ ನಿಜ. ಅದು ಮಕ್ಕಳ ರೇಸಿಗೆ ಅಂತ ಮಾಡಿದ ಬೋರ್ಡ್. 293 ಸೆಂ.ಮೀ. ಉದ್ದ, 79 ಅಗಲ, 205 ಲೀಟರ್. ಕಡಿಮೆ ಗಾಳಿಯಲ್ಲಿ ಡ್ಯಾಗರ್‌ಬೋರ್ಡ್ ಇಳಿಸಿ ಗಾಳಿಗೆ ಎದುರಾಗಿ ಹತ್ತೋಕೆ ಅದರಷ್ಟು ಒಳ್ಳೆಯದು ಇಲ್ಲ. ಆದರೆ ಈಗಾಗಲೇ ಬಾಡಿಗೆಗೆ ಅಂಥದ್ದೇ ದೊಡ್ಡ ಬೋರ್ಡ್ ಸಿಗುತ್ತಿದೆ ಅಲ್ವಾ? ಬೆಳಗಿನ ನೀರಿಗೆ ಅದನ್ನೇ ಬಳಸಿ. ಇಲ್ಲದೇ ಇರೋದು ಮಧ್ಯಾಹ್ನದ ಬೋರ್ಡ್. ದುಡ್ಡು ಅದಕ್ಕೆ ಹೋಗಲಿ.

ಹಿನ್ನೀರಿನ ವಿಷಯ: ಆಷಾಢದಲ್ಲಿ ಗಾಳಿ ಇರುತ್ತದೆ, ನಿಜ. ಆದರೆ ಆಗ ಡ್ಯಾಮಿಗೆ ನೀರು ಆಗಷ್ಟೇ ಬರತೊಡಗಿರುತ್ತದೆ. ಅರ್ಧ ಮುಳುಗಿದ ಮರದ ಬುಡಗಳು, ಮೀನಿನ ಬಲೆ, ಕೆಂಪು ನೀರಿನಲ್ಲಿ ಯಾವುದೂ ಕಾಣುವುದಿಲ್ಲ. ಅನುಮತಿ ಇಲ್ಲದೆ ಇಳಿಯುವ ಜಾಗವೂ ಅಲ್ಲ. ಅಭ್ಯಾಸಕ್ಕೆ ಅಂತ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕಾರವಾರದ ಬಗ್ಗೆ ಒಂದು ಮಾತು ಹೇಳಲೇಬೇಕು. ಟಾಗೋರ್ ಕಡಲತೀರದಿಂದ ಉತ್ತರಕ್ಕೆ ಕಾಳಿ ನದಿ ಸಮುದ್ರ ಸೇರುತ್ತದೆ. ಇಳಿತದ ಹೊತ್ತಿನಲ್ಲಿ ನದಿಯ ನೀರು ಹೊರಗೆ ಹರಿಯುತ್ತದೆ, ಗಾಳಿ ಒಳಗೆ ಬೀಸುತ್ತದೆ. ಎರಡೂ ಎದುರಾದ ಕಡೆ ಅಲೆಗಳ ನಡುವಿನ ಅಂತರ ಕುಗ್ಗಿ, ಅಲೆ ಕಡಿದಾಗಿ, ನೇರ ಗೋಡೆಯ ತರಹ ಏಳುತ್ತದೆ. ಅದೇ ಗಾಳಿ, ಅದೇ ದಿನ, ಉಬ್ಬರದ ಹೊತ್ತಿಗೆ ಹೋದರೆ ಅರ್ಧದಷ್ಟೂ ಕಾಟ ಇರುವುದಿಲ್ಲ. ಬೋರ್ಡ್ ಬದಲಿಸುವ ಮೊದಲು ಉಬ್ಬರ ಇಳಿತದ ಪಟ್ಟಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ದಕ್ಷಿಣಕ್ಕೆ ನೌಕಾನೆಲೆ ಇದೆ, ಆ ಕಡೆ ತೇಲಿ ಹೋಗುವಂತೆ ಯಾವತ್ತೂ ಬಿಡಬೇಡಿ. ಮೀನುಗಾರರು ದಡದಿಂದ ರಂಪಣಿ ಬಲೆ ಎಳೆಯುತ್ತಿದ್ದರೆ ಹಗ್ಗ ದಡದಿಂದ ಬಹಳ ದೂರ ಹೋಗಿರುತ್ತದೆ. ಅವರನ್ನು ಕೇಳಿಯೇ ಇಳಿಯಿರಿ, ಅದು ಅವರ ಅನ್ನ. ಮಳೆಗಾಲದಲ್ಲಿ ಮಾತ್ರ ಬೇಡವೇ ಬೇಡ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳೇ ನೀರಿಗೆ ಇಳಿಯುವುದಿಲ್ಲ.

---

ಗಂಗಾವತಿ_ಗಾಳಿ

ಸರ್, ತುಂಬಾ ಉಪಕಾರ ಆಯಿತು. ಇಳಿತದ ವಿಷಯ ಓದಿದ ಮೇಲೆ ಒಂದೊಂದೇ ದಿನ ನೆನಪಾಗುತ್ತಿದೆ. ಯಾವ ದಿನ ಕಾಳಿ ಸೇತುವೆ ಕಡೆ ಹೋಗಿ ಒದ್ದಾಡಿದೆ ಅಂತ. ಗಾಳಿ ಅಷ್ಟೇ ಇದ್ದರೂ ಯಾಕೆ ಹಾಗೆ ಅಂತ ಯಾರೂ ಹೇಳಿರಲಿಲ್ಲ.

ಈಗ ಮೂಗಿನ ರಿಪೇರಿ. ಮಾರುವವರು ಫೋಟೋ ಕಳಿಸಿದ್ದಾರೆ. ಅಂಗೈಯಷ್ಟು ಅಗಲದ ಜಾಗ, ಬಿಳಿ ಬಣ್ಣ ಬಳಿದಿದ್ದಾರೆ. "ಲೋಕಲ್ ಫೈಬರ್ ಅಂಗಡಿಯಲ್ಲಿ ಮಾಡಿಸಿದ್ದು, ಕಲ್ಲಿನ ಹಾಗಿದೆ" ಅಂದರು. ಇದನ್ನು ಹೇಗೆ ಪರೀಕ್ಷೆ ಮಾಡೋದು?

---

ರಾಯಚೂರು_ಫೈಬರ್

ಅಕ್ಕಾ, ಇಲ್ಲಿ ನಾನು ಬಾಯಿ ಹಾಕಲೇಬೇಕು. "ಲೋಕಲ್ ಫೈಬರ್ ಅಂಗಡಿ" ಅಂದರೆ ನಾನೇ. ಅಂದರೆ ನನ್ನಂಥವರು. ರಾಯಚೂರಿನಲ್ಲಿ ನಮ್ಮದು ಫೈಬರ್ ವರ್ಕ್‌ಶಾಪ್. ನೀರಿನ ಟ್ಯಾಂಕು, ಬಾಗಿಲು, ಮಿಲ್ಲಿನ ಪೈಪು ಮಾಡುತ್ತೇವೆ. ಕೃಷ್ಣೆ ನಡುಗಡ್ಡೆಯವರಿಗೆ ಫೈಬರ್ ಹರಿಗೋಲು ಸಹ ಮಾಡಿದ್ದೇವೆ. ಸರ್ಫಿಂಗ್ ನನಗೆ ಗೊತ್ತಿಲ್ಲ, ಆದರೆ ಈ ಬೋರ್ಡ್ ಒಳಗೆ ಏನಿದೆ ಅಂತ ಗೊತ್ತು.

ನಮ್ಮ ಅಂಗಡಿಗಳಲ್ಲಿ ದಿನಾ ಬಳಸೋದು ಪಾಲಿಯೆಸ್ಟರ್ ರೆಸಿನ್. ಅಗ್ಗ, ಬೇಗ ಸೆಟ್ ಆಗುತ್ತದೆ. ಟ್ಯಾಂಕಿಗೆ ಅದು ಸಾಕು. ಆದರೆ ವಿಂಡ್‌ಸರ್ಫ್ ಬೋರ್ಡಿನ ಒಳಗಿರೋದು ಥರ್ಮಾಕೋಲ್ ಜಾತಿಯ ಫೋಮ್. ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್ ಅನ್ನುವ ರಾಸಾಯನಿಕ ಅದನ್ನು ತಿಂದುಹಾಕುತ್ತದೆ. ನಂಬಿಕೆ ಬರದಿದ್ದರೆ ಟಿವಿ ಡಬ್ಬಿಯ ಥರ್ಮಾಕೋಲ್ ತುಂಡಿನ ಮೇಲೆ ಒಂದು ಚಮಚ ರೆಸಿನ್ ಹಾಕಿ ನೋಡಿ. ಕಣ್ಣ ಮುಂದೆ ಗುಂಡಿ ಬೀಳುತ್ತದೆ. ಬೋರ್ಡಿನಲ್ಲೂ ಹಾಗೇ. ಮೇಲೆ ಕಲ್ಲಿನಂಥ ಚಿಪ್ಪು ಇರುತ್ತದೆ, ಕೆಳಗೆ ಫೋಮ್ ಕರಗಿ ಪೊಳ್ಳಾಗಿರುತ್ತದೆ. ಒಂದು ಸಲ ಮಾಸ್ಟ್ ಬಂದು ಬಡಿದರೆ ಚಿಪ್ಪು ಒಳಗೆ ಕುಸಿಯುತ್ತದೆ. ನೀರು ನುಗ್ಗೋಕೆ ದಾರಿ ಆಗುತ್ತದೆ.

ಈ ಕೆಲಸಕ್ಕೆ ಎಪಾಕ್ಸಿ ಅನ್ನುವ ಬೇರೆ ಜಾತಿಯ ರೆಸಿನ್ನೇ ಬೇಕು. ಮ್ಯಾಟ್ ಕೂಡ ಹಾಗೇ. ನಾವು ಟ್ಯಾಂಕಿಗೆ ಹಾಕುವ ಚೂರು ನಾರಿನ ಮ್ಯಾಟಿನ ಅಂಟು ಸ್ಟೈರೀನಿಗೆ ಕರಗುವಂಥದ್ದು, ಎಪಾಕ್ಸಿಯಲ್ಲಿ ಅದು ಸರಿಯಾಗಿ ಕರಗಲ್ಲ. ಮ್ಯಾಟ್ ಗಂಟುಗಂಟಾಗಿ ನಿಂತುಬಿಡುತ್ತದೆ. ನೇಯ್ದ ಗ್ಲಾಸ್ ಬಟ್ಟೆ ಹಾಕಬೇಕು.

ಪರೀಕ್ಷೆ ಹೀಗೆ ಮಾಡಿ. ಒಂದು ರೂಪಾಯಿ ನಾಣ್ಯ ತಗೊಳ್ಳಿ. ರಿಪೇರಿ ಆಗದ ಜಾಗದಲ್ಲಿ ಮೊದಲು ತಟ್ಟಿ, ಆ ಸದ್ದು ಕಿವಿಗೆ ಕೂರಲಿ. ಗಟ್ಟಿ, ಚುರುಕು ಸದ್ದು ಬರುತ್ತದೆ. ಆಮೇಲೆ ಬೆರಳಗಲ ಬೆರಳಗಲ ಬಿಟ್ಟು ತಟ್ಟುತ್ತಾ ಬಿಳಿ ಬಣ್ಣದ ಕಡೆ ಬನ್ನಿ. ಸದ್ದು ಮಂಕಾದರೆ, ಡಬ್ ಅಂದರೆ, ಅಲ್ಲಿ ಒಳಗೆ ಪದರ ಬಿಟ್ಟಿದೆ. ಹೆಬ್ಬೆರಳಿನಿಂದ ಒತ್ತಿ. ಒಂದಿಷ್ಟು ಅದುಮಿ ವಾಪಸ್ ಬಂದರೂ ಬೇಡ. ಇದೇ ಪರೀಕ್ಷೆ ಕಾಲು ಪಟ್ಟಿಗಳ ನಡುವೆ ಹಿಮ್ಮಡಿ ಬೀಳುವ ಜಾಗದಲ್ಲಿ ಮಾಡಿ. ಫಿನ್ ಡಬ್ಬಿಯ ಸುತ್ತ, ಮಾಸ್ಟ್ ಪಟ್ಟಿಯ (ಮಾಸ್ಟ್ ಬುಡ ಕೂರಿಸುವ ಸೀಳು) ಸುತ್ತಲೂ ಮಾಡಿ. ಸಂಜೆ ಹೊತ್ತು ಟಾರ್ಚನ್ನು ಮೇಲ್ಮೈಗೆ ಮಲಗಿಸಿ ಹಿಡಿದು ಬೆಳಕು ಬಿಟ್ಟರೆ ಕೂದಲೆಳೆಯ ಬಿರುಕೂ ನೆರಳು ಬಿಡುತ್ತದೆ. ಬಿರುಕಿನ ಬಾಯಲ್ಲಿ ಕಂದು ಕಲೆ ಇದ್ದರೆ ಒಳಗಿನಿಂದ ನೀರು ಒಸರಿದೆ ಅಂತಲೇ.

ಆಮೇಲೆ ತೂಕ. ಇದನ್ನು ಬಿಡಲೇಬೇಡಿ. ಫಿನ್, ಪಟ್ಟಿ ತೆಗೆದು ತೂಗಿ. ಕಂಪನಿ ಹೇಳಿದ ತೂಕಕ್ಕಿಂತ 5–6 ಪರ್ಸೆಂಟ್ ಹೆಚ್ಚು ಕಡಿಮೆ ಇದ್ದರೆ ಪರವಾಗಿಲ್ಲ. ರಿಪೇರಿಗೆ 200–300 ಗ್ರಾಂ ಬಿಡಿ. ಅದಕ್ಕಿಂತ ಕೆಜಿ ಜಾಸ್ತಿ ಬಂದರೆ ಅದು ನೀರು. ನೀರು ಕುಡಿದ ಫೋಮ್ ಒಣಗಿಸೋದು ಬಹಳ ಕಷ್ಟ, ವಾರಗಟ್ಟಲೆ ಹಿಡಿಯುತ್ತದೆ, ಪೂರ್ತಿ ಒಣಗುತ್ತದೆ ಅಂತಲೂ ಇಲ್ಲ. ತಕ್ಕಡಿ ಇಲ್ಲ ಅಂದರೆ ಲಗೇಜ್ ತೂಗುವ ಕೊಕ್ಕೆ ಸಾಕು.

ಮೂಗಿನಲ್ಲಿ ಮಾತ್ರ ಪೊಳ್ಳು, ತೂಕ ಸರಿ ಇದೆ ಅಂದರೆ ಹೆದರಬೇಡಿ. ಬೆಲೆ ಇಳಿಸಿ ತಗೊಳ್ಳಿ. ಹಳೆಯ ಚಿಪ್ಪು ಕತ್ತರಿಸಿ, ಅದೇ ಜಾತಿಯ ಫೋಮ್ ತುಂಡು ಕೂರಿಸಿ, ಎಪಾಕ್ಸಿಯಲ್ಲಿ ಎರಡು ಪದರ ಬಟ್ಟೆ ಹಾಕಿದರೆ ಮತ್ತೆ ಗಟ್ಟಿಯಾಗುತ್ತದೆ. ಫಿನ್ ಡಬ್ಬಿ ಅಥವಾ ಹಿಮ್ಮಡಿ ಜಾಗದಲ್ಲಿ ಬಿಟ್ಟಿದ್ದರೆ ಮಾತ್ರ ಕೈಮುಗಿದು ಬನ್ನಿ. ಅಲ್ಲಿ ದಿನಾ ಹೊಡೆತ ಬೀಳುತ್ತದೆ.

---

ಬಳ್ಳಾರಿ_ವಾಸ್ಕೊ

ರಾಯಚೂರು ಅಣ್ಣ, ಈ ಪಾಲಿಯೆಸ್ಟರ್ ಮಾತನ್ನು ಇಲ್ಲಿ ಬೋರ್ಡ್ ಇಟ್ಟುಕೊಂಡಿರುವ ಎಲ್ಲರೂ ಓದಬೇಕು. ಮಾರುವವರು ಸುಳ್ಳು ಹೇಳುತ್ತಿರುವುದಿಲ್ಲ, ಅವರಿಗೂ ಕೆಳಗೆ ಏನಾಗಿದೆ ಅಂತ ತಿಳಿದಿರುವುದಿಲ್ಲ.

ಮೇಡಂ, ಇನ್ನೆರಡು ಸೇರಿಸುತ್ತೇನೆ. ಪಟ್ಟಿಯ ಸ್ಕ್ರೂ ಪ್ರತಿಯೊಂದನ್ನೂ ನಿಮ್ಮ ಕೈಯಿಂದಲೇ ತಿರುಗಿಸಿ ನೋಡಿ. ಬಿಗಿಯಾಗದೆ ಸುಮ್ನೆ ಸುತ್ತುತ್ತಿದ್ದರೆ ಒಳಗಿನ ಪ್ಲಗ್ ಹೋಗಿದೆ. ಪಟ್ಟಿ ಎರಡು ಇಲ್ಲ ಅಂದಿರಲ್ಲ, ಪಟ್ಟಿ ಕೊಳ್ಳಬಹುದು. ಯಾಕೆ ಇಲ್ಲ ಅನ್ನೋದು ಮುಖ್ಯ. ಇನ್ನೊಂದು, ಫಿನ್ ಡಬ್ಬಿ ಯಾವ ಜಾತಿ ಅಂತ ಕೇಳಿ. ಪವರ್ ಬಾಕ್ಸ್, ಯುಎಸ್ ಬಾಕ್ಸ್, ಟಟಲ್ ಅಂತ ಇರುತ್ತವೆ, ಒಂದರ ಫಿನ್ ಇನ್ನೊಂದಕ್ಕೆ ಕೂರುವುದಿಲ್ಲ. ನಮ್ಮ ದೇಶದಲ್ಲಿ ವಿಂಡ್‌ಸರ್ಫ್ ಫಿನ್ ಅಂಗಡಿಯಲ್ಲಿ ಸಿಗೋದು ಅಪರೂಪ. ಫಿನ್ ಮತ್ತು ಅದರ ಬೋಲ್ಟ್ ಜೊತೆಗೆ ಕೊಟ್ಟರೆ ಮಾತ್ರ ವ್ಯವಹಾರ ಮಾಡಿ.

---

ಗಂಗಾವತಿ_ಗಾಳಿ

ಹೋಗಿ ನೋಡಿ ಬಂದೆ. ಅಮರಾವತಿ ಎಕ್ಸ್‌ಪ್ರೆಸ್‌ನಲ್ಲಿ ಕೊಪ್ಪಳದಿಂದ ಹತ್ತಿದರೆ ಮಡಗಾಂವ್ ತನಕ ಒಂದೇ ರೈಲು. ಬ್ಯಾಗಿನಲ್ಲಿ ಸ್ಟೀಲ್ ಸ್ಕೇಲ್, ಟಾರ್ಚ್, ಲಗೇಜ್ ಕೊಕ್ಕೆ.

ಸ್ಕೇಲ್ ಇಟ್ಟೆ. ಎರಡೂ ಅಂಚಿನಲ್ಲಿ ಕಿರುಬೆರಳು ಆರಾಮಾಗಿ ಹೋಯಿತು. ಅವರ ಹತ್ತಿರವೇ ಇದ್ದ ಆ ಸ್ಲಾಲಮ್ ಬೋರ್ಡಿಗೂ ಇಟ್ಟು ನೋಡಿದೆ, ಚಪ್ಪಟೆ ಕೂತಿತು. ಎರಡನ್ನೂ ಪಕ್ಕಪಕ್ಕ ಬೋರಲು ಹಾಕಿ ನೋಡಿದಾಗ ನೀವು ಹೇಳಿದ್ದೆಲ್ಲ ಕಣ್ಣಿಗೇ ಕಂಡಿತು. ಪಟ್ಟಿ ಇಲ್ಲದ ಬೋರ್ಡ್ 7 ಕೆಜಿ 100 ಗ್ರಾಂ ಬಂತು. ಕಂಪನಿ ತೂಕ 6.8. ನಾಣ್ಯ ತಟ್ಟಿದೆ. ಹಿಮ್ಮಡಿ ಜಾಗ, ಫಿನ್ ಡಬ್ಬಿ, ಮಾಸ್ಟ್ ಪಟ್ಟಿ ಎಲ್ಲಾ ಒಂದೇ ಸದ್ದು. ಮೂಗಿನ ಬಿಳಿ ಜಾಗದ ಬಲಗಡೆ, ಎರಡು ಬೆರಳಿನಷ್ಟು ಅಗಲಕ್ಕೆ, ಸದ್ದು ಬದಲಾಯಿತು. ಮಾರುವವರಿಗೂ ತಟ್ಟಿ ಕೇಳಿಸಿದೆ. ಅವರು ಕೂಡ ಬಗ್ಗಿ ಕಿವಿ ಇಟ್ಟು ಕೇಳಿದರು, "ಹೌದಲ್ಲ" ಅಂದರು. ಪಾಪ, ಒಳ್ಳೆಯ ಮನುಷ್ಯ. ಪಟ್ಟಿ ಸವೆದು ಹರಿದಿದ್ದಕ್ಕೆ ಬಿಸಾಡಿದ್ದಂತೆ. ಸ್ಕ್ರೂ ಎಲ್ಲಾ ಬಿಗಿಯಾಗುತ್ತವೆ. 34 ಸಾವಿರಕ್ಕೆ ಒಪ್ಪಿದರು. ಪವರ್ ಬಾಕ್ಸ್, 28 ಸೆಂ.ಮೀ. ಫಿನ್, ಬೋಲ್ಟ್ ಜೊತೆಗೇ ಇದೆ.

ಬೋರ್ಡ್ ಈಗ ಕಾರವಾರದ ಮನೆಯಲ್ಲಿದೆ. ಮೂಗಿನ ಕೆಲಸಕ್ಕೆ ಕಾರಿನ ಮೇಲೆ ಹಾಕಿಕೊಂಡು ರಾಯಚೂರಿಗೆ ತರಬೇಕು ಅಂತಿದ್ದೇನೆ. ಅಣ್ಣಾ, ಮಾಡಿಕೊಡುತ್ತೀರಾ? ತರುವಾಗ ಏನಾದರೂ ಜಾಗ್ರತೆ ಬೇಕಾ? ಅರಬೈಲ್ ಘಾಟಿ ಬೇರೆ ಇದೆ. ಇನ್ನು 28ರ ಫಿನ್ ನನ್ನ ಸೇಲಿಗೆ ಸರಿಯಾ?

---

ಬಳ್ಳಾರಿ_ವಾಸ್ಕೊ

ಓದಿ ಬಹಳ ಖುಷಿಯಾಯಿತು ಮೇಡಂ. ಒಳ್ಳೆಯ ಬೋರ್ಡ್ ಸಿಕ್ಕಿದೆ.

5.3 ಸೇಲಿಗೆ 28 ಸರಿಯಾಗಿಯೇ ಇದೆ. ಗಾಳಿ ಜಾಸ್ತಿ ಇದ್ದ ದಿನಕ್ಕೆ 25ರ ಒಂದು ಫಿನ್ ಯಾವತ್ತಾದರೂ ಕಂಡರೆ ಬಿಡಬೇಡಿ. ಉಳಿದ ದುಡ್ಡಿನಲ್ಲಿ ಮೊದಲು ಅದೇ. ಫಿನ್ ದೊಡ್ಡದಾದಷ್ಟೂ ಬೋರ್ಡನ್ನು ನೀರಿನಿಂದ ಮೇಲೆತ್ತುತ್ತದೆ. ನೀವು ಹೇಳಿದ ಆ ಎದ್ದು ವಾಲುವ ಕಾಟಕ್ಕೆ ಅರ್ಧ ಕಾರಣ ಅಲೆಯಲ್ಲ, ಫಿನ್. ಮಾಸ್ಟ್ ಬುಡವನ್ನು ಮಾಸ್ಟ್ ಪಟ್ಟಿಯ ನಡುವಿಗಿಂತ ಎರಡು ಬೆರಳು ಮುಂದೆ ಇಡಿ, ಮೂಗು ಒತ್ತಿಕೊಂಡು ಓಡುತ್ತದೆ. ನೀರು ಸಮ ಇದ್ದ ದಿನ ಹಿಂದಕ್ಕೆ ತನ್ನಿ. ಕಾಲು ಪಟ್ಟಿ ನಾಲ್ಕನ್ನೂ ಸದ್ಯಕ್ಕೆ ಒಳಗಿನ ತೂತಿಗೇ ಹಾಕಿ. ಮಾಸ್ಟ್ ಬುಡದ ರಬ್ಬರ್ ಗಂಟನ್ನು ಪೂರ್ತಿ ಮಡಚಿ ನೋಡಿ, ಬಿರುಕು ಕಂಡರೆ ಅವತ್ತೇ ಬದಲಿಸಿ. ನಡು ನೀರಿನಲ್ಲಿ ಅದು ತುಂಡಾದರೆ ಬೋರ್ಡ್ ಒಂದು ಕಡೆ, ಸೇಲ್ ಒಂದು ಕಡೆ. ಹಾಗೇನಾದರೂ ಆದರೆ ಯಾವಾಗಲೂ ಬೋರ್ಡ್ ಹಿಡಿದುಕೊಳ್ಳಿ, ಸೇಲಿನ ಆಸೆ ಬಿಡಿ.

ಕಾರಿನ ಮೇಲೆ ಬೋರ್ಡನ್ನು ನಿಲ್ಲುವ ಮುಖ ಕೆಳಗಾಗಿ ಮಲಗಿಸಿ, ಫಿನ್ ತೆಗೆದಿಡಿ. ಅಗಲ ಪಟ್ಟಿಯಿಂದ ಕಟ್ಟಿ, ಸಣ್ಣ ಹಗ್ಗ ಅಂಚನ್ನು ಕೊರೆಯುತ್ತದೆ. ಪಟ್ಟಿಗೆ ಒಂದು ಸುತ್ತು ತಿರುವು ಕೊಟ್ಟು ಕಟ್ಟಿದರೆ ಗಾಳಿಗೆ ಗುಂಯ್ ಅನ್ನುವುದಿಲ್ಲ. ಅರಬೈಲ್ ಇಳಿಯುವ ಹತ್ತುವ ಮುಂಚೆ ಒಮ್ಮೆ ನಿಲ್ಲಿಸಿ ಬಿಗಿ ನೋಡಿ.

---

ರಾಯಚೂರು_ಫೈಬರ್

ಧಾರಾಳವಾಗಿ ತನ್ನಿ ಅಕ್ಕಾ. ಎಪಾಕ್ಸಿ, ಬಟ್ಟೆ ತರಿಸಿ ಇಡುತ್ತೇನೆ. ಎರಡು ದಿನ ಬೋರ್ಡ್ ನನ್ನ ಹತ್ತಿರ ಬಿಡಬೇಕಾಗುತ್ತದೆ, ಎಪಾಕ್ಸಿ ನಿಧಾನಕ್ಕೇ ಗಟ್ಟಿಯಾಗಬೇಕು. ಎರಡು ಬೆರಳಿನ ಕೆಲಸಕ್ಕೆ ಸಾಮಾನಿನ ದುಡ್ಡು ಕೊಟ್ಟರೆ ಸಾಕು.

ಒಂದೇ ಒಂದು ಮಾತು, ಬಿಸಿಲು. ಕಾರವಾರ ಬಿಟ್ಟು ಈ ಕಡೆ ಬಂದರೆ ನಮ್ಮ ಬಿಸಿಲು ನಿಮಗೇ ಗೊತ್ತು. ಬೇಸಿಗೆಯಲ್ಲಿ 40 ದಾಟುತ್ತದೆ. ನೆರಳಿನ ಲೆಕ್ಕ ಅದು. ಬಿಸಿಲಲ್ಲಿ ನಿಂತ ಕಾರಿನ ಮೇಲೆ, ಅದೂ ಗಾಢ ಬಣ್ಣದ ಮೇಲ್ಮೈ, ಮುಟ್ಟೋಕೆ ಆಗದಷ್ಟು ಕಾಯುತ್ತದೆ. 70–80 ಡಿಗ್ರಿಗೆ ಥರ್ಮಾಕೋಲ್ ಮೆತ್ತಗಾಗತೊಡಗುತ್ತದೆ. ಒಳಗಿನ ಗಾಳಿ ಹಿಗ್ಗಿ ಪದರ ಬಿಡಿಸುತ್ತದೆ. ಹಾಗಾಗಿ ರಾತ್ರಿ ಅಥವಾ ಬೆಳಗಿನ ಜಾವ ಹೊರಡಿ. ಊಟಕ್ಕೆ ನಿಲ್ಲಿಸಿದರೆ ನೆರಳು ನೋಡಿ ನಿಲ್ಲಿಸಿ, ಇಲ್ಲಾಂದರೆ ಬಿಳಿ ಬಟ್ಟೆ ಮುಚ್ಚಿ. ಒದ್ದೆ ಬೋರ್ಡನ್ನು ಚೀಲದೊಳಗೆ ಹಾಕಿ ಬಿಸಿಲಲ್ಲಿ ಬಿಡಬೇಡಿ.

ಬೋರ್ಡ್ ಮೇಲೆ ಒಂದು ಸಣ್ಣ ಗಾಳಿ ಸ್ಕ್ರೂ ಇರುತ್ತದೆ ನೋಡಿ. ಮಾಸ್ಟ್ ಪಟ್ಟಿ ಸುತ್ತಮುತ್ತ ಹುಡುಕಿ. ಕೈಯಿಂದ ತೆರೆಯುವ ಸ್ಕ್ರೂ ಇದ್ದರೆ ಪ್ರಯಾಣದಲ್ಲಿ, ಮನೆಯಲ್ಲಿ ಅದನ್ನು ಸಡಿಲ ಬಿಡಿ. ನೀರಿಗೆ ಇಳಿಯುವ ಮುಂಚೆ ಬಿಗಿ ಮಾಡಿ. ಅದರ ಕೆಳಗಿನ ರಬ್ಬರ್ ರಿಂಗ್ ಒಣಗಿ ಬಿರಿದಿದ್ದರೆ ಹೇಳಿ, ಅಳತೆ ಕಳಿಸಿದರೆ ಇಲ್ಲೇ ಮೋಟಾರ್ ಅಂಗಡಿಯಲ್ಲಿ ಸಿಗುತ್ತದೆ, ತಂದಿಡುತ್ತೇನೆ.

---

ಗಂಗಾವತಿ_ಗಾಳಿ

ಸ್ಕ್ರೂ ಸಿಕ್ಕಿತು ಅಣ್ಣಾ, ಮಾಸ್ಟ್ ಪಟ್ಟಿಯ ಹಿಂದೆಯೇ ಇದೆ. ರಿಂಗ್ ಒಂದು ಕಡೆ ಸೀಳಿದೆ. ನಮ್ಮ ಯಜಮಾನರು ಅಳತೆ ತೆಗೆದು ಫೋಟೋ ಕಳಿಸುತ್ತಾರೆ, ಎರಡು ತಂದಿಡಿ. ಬರುವ ಶನಿವಾರ ರಾತ್ರಿ ಕಾರವಾರದಿಂದ ಹೊರಟು ಭಾನುವಾರ ಬಿಸಿಲು ಏರುವ ಮುಂಚೆ ನಿಮ್ಮ ವರ್ಕ್‌ಶಾಪ್ ಹತ್ತಿರ ಇರುತ್ತೇವೆ.